ಎರಡು ರೌಟರ್ ದಾಟಿ ಪೋರ್ಟ್ ಫಾರ್ವರ್ಡ್ ಆಗುತ್ತಿಲ್ಲ, ಬಳ್ಳಾರಿ ಮನೆ

ಕೌಲ್‌ಬಜಾರ್_ಹೊಲಿಗೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬಳ್ಳಾರಿ, ಕೌಲ್ ಬಜಾರ್. ಕೆಳಗೆ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್, ಮೇಲೆ ಮನೆ. ಫೈಬರ್ ಕನೆಕ್ಷನ್ ಕೊಟ್ಟವರು ಅವರದೇ ಮೋಡೆಮ್ ಒಂದನ್ನು ಕೆಳಗಿನ ಗೋಡೆಗೆ ಹಾಕಿ ಹೋಗಿದ್ದಾರೆ. ಅದರ ವೈಫೈ ಮೇಲಕ್ಕೆ ಬರುವುದಿಲ್ಲ, ಹಳೇ ಕಾಲದ ದಪ್ಪ ಕಲ್ಲಿನ ಗೋಡೆ. ಅದಕ್ಕೆ ಮೋಡೆಮ್‌ನಿಂದ ಲ್ಯಾನ್ ಕೇಬಲ್ ಮೇಲಕ್ಕೆ ಎಳೆದು ಅಲ್ಲಿ ನಮ್ಮದೇ ಇನ್ನೊಂದು ರೌಟರ್ ಇಟ್ಟಿದ್ದೇವೆ. ಮನೆಯ ಫೋನು, ಟಿವಿ, ಟ್ಯಾಲಿ ಕಂಪ್ಯೂಟರ್, ಕ್ಯಾಮೆರಾಗಳ ಎನ್‌ವಿಆರ್ (ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ) ಎಲ್ಲ ಇದಕ್ಕೇ ಸೇರಿವೆ.

ಬಟ್ಟೆ ತರಲು, ಆರ್ಡರ್ ಮಾತಾಡಲು ನಾನು ಬೆಂಗಳೂರು, ಸೊಲ್ಲಾಪುರ ಅಂತ ಓಡಾಡುತ್ತಿರುತ್ತೇನೆ. ಆಗ ಯೂನಿಟ್ ನೋಡಿಕೊಳ್ಳುವುದು ಅಪ್ಪ ಒಬ್ಬರೇ. ಹೊರಗಿದ್ದಾಗ ಕ್ಯಾಮೆರಾ ನೋಡಬೇಕು, ಟ್ಯಾಲಿ ತೆರೆದು ಬಿಲ್ ಹಾಕಬೇಕು. ಇಷ್ಟೇ ನನಗೆ ಬೇಕಿರುವುದು. ಎನ್‌ವಿಆರ್‌ಗೆ ಕ್ಲೌಡ್ ಆಪ್ ಇದೆ, ಆದರೆ ಪೆಟ್ಟಿಗೆಯನ್ನು ಕೆಳಗಿನಿಂದ ಮೇಲಿನ ರೌಟರ್‌ಗೆ ಬದಲಾಯಿಸಿದ ಮೇಲೆ ಆಪ್‌ನಲ್ಲಿ ಯಾವಾಗಲೂ ಆಫ್‌ಲೈನ್ ಅಂತಲೇ ತೋರಿಸುತ್ತದೆ.

ಮೇಲಿನ ರೌಟರ್ ವಿಳಾಸ 192.168.0.1. ಅದರಲ್ಲಿ ಪೋರ್ಟ್ ಫಾರ್ವರ್ಡ್, ಅಂದರೆ ಹೊರಗಿನಿಂದ ಇಂಥ ಪೋರ್ಟ್‌ಗೆ (ಬಾಗಿಲಿನ ನಂಬರ್ ಇದ್ದಂತೆ) ಬಂದದ್ದನ್ನು ಒಳಗಿನ ಇಂಥ ಯಂತ್ರಕ್ಕೆ ಕಳಿಸು ಅನ್ನುವ ಸೂಚನೆ, ಹೀಗೆ ಹಾಕಿದ್ದೇನೆ: ಪೋರ್ಟ್ 37777 ಬಂದರೆ ಎನ್‌ವಿಆರ್‌ಗೆ, ಅಂದರೆ 192.168.0.50ಕ್ಕೆ. ಪೋರ್ಟ್ 3389 ಬಂದರೆ ಟ್ಯಾಲಿ ಕಂಪ್ಯೂಟರ್‌ಗೆ, 192.168.0.20ಕ್ಕೆ. ಮನೆಯೊಳಗೆ ಎರಡೂ ಚೆನ್ನಾಗಿ ತೆರೆಯುತ್ತವೆ. ಫೋನ್‌ನಲ್ಲಿ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಿಂದ ನೋಡಿದರೆ ಏನೂ ಇಲ್ಲ. ಪೋರ್ಟ್ ಚೆಕ್ ಮಾಡುವ ವೆಬ್‌ಸೈಟ್‌ಗಳೂ ಕ್ಲೋಸ್ಡ್ ಅನ್ನುತ್ತವೆ. ರೌಟರ್ ರೀಸೆಟ್ ಮಾಡಿ ಮತ್ತೆ ಹಾಕಿ ನೋಡಿದ್ದೂ ಆಯಿತು. ಎಲ್ಲಿ ನಿಂತುಹೋಗುತ್ತಿದೆ ಅಂತ ಹೇಗೆ ಕಂಡುಹಿಡಿಯುವುದು?

ರಾಯಚೂರು_ನೆಟ್

ಚೆನ್ನಾಗಿ ಬರೆದಿದ್ದೀರಿ ಅಣ್ಣ, ವಿಳಾಸಗಳನ್ನೂ ಕೊಟ್ಟಿದ್ದರಿಂದ ಕೆಲಸ ಹಗುರ. ನೀವು ಒಳಗಿನ ರೌಟರ್‌ಗೆ ಮಾತ್ರ ದಾರಿ ಹೇಳಿದ್ದೀರಿ. ಹೊರಗಿನಿಂದ ಬಂದದ್ದು ಮೊದಲು ಮುಟ್ಟುವುದು ಕೆಳಗಿನ ಮೋಡೆಮ್ ಅನ್ನು. ಅದೂ ಒಂದು ರೌಟರೇ. 37777 ಅಂತ ಯಾರಾದರೂ ಬಂದರೆ ಯಾರಿಗೆ ಕೊಡಬೇಕು ಅಂತ ಅದಕ್ಕೆ ಗೊತ್ತಿಲ್ಲ, ಅಲ್ಲೇ ಬಿಸಾಡುತ್ತದೆ. ಒಳಗಿನ ವಿಳಾಸಗಳನ್ನು ಹೊರಗಿನ ಒಂದೇ ವಿಳಾಸಕ್ಕೆ ಬದಲಾಯಿಸುವ ಕೆಲಸಕ್ಕೆ ನ್ಯಾಟ್ ಅನ್ನುತ್ತಾರೆ, ಎರಡು ರೌಟರ್ ಅದನ್ನೇ ಮಾಡಿದರೆ ಡಬಲ್ ನ್ಯಾಟ್.

ಸೆಟ್ಟಿಂಗ್ ಮುಟ್ಟುವ ಮೊದಲು ಮೂರು ನಂಬರ್ ಬರೆದುಕೊಳ್ಳಿ. ಮೇಲಿನ ರೌಟರ್‌ನ ಸ್ಟೇಟಸ್ ಪೇಜ್‌ನಲ್ಲಿ ವ್ಯಾನ್ ಐಪಿ, ಅಂದರೆ ಅದರ ಹೊರಗಿನ ಕಡೆಯ ವಿಳಾಸ, ಏನಿದೆ? ಅದು 192.168.1 ಅಂತ ಶುರುವಾಗಿದ್ದರೆ ನಾನು ಹೇಳಿದ್ದು ನಿಜ, ಅದರ ಹೊರಗೆ ಇನ್ನೊಂದು ರೌಟರ್ ಕೂತಿದೆ. ಆಮೇಲೆ ಕೆಳಗಿನ ಮೋಡೆಮ್‌ಗೆ ಲಾಗಿನ್ ಆಗಿ ಅದರ ವ್ಯಾನ್ ಐಪಿ ನೋಡಿ. ಕೊನೆಗೆ ಗೂಗಲ್‌ನಲ್ಲಿ ನನ್ನ ಐಪಿ ಯಾವುದು ಅಂತ ಹುಡುಕಿ, ಅದು ಜಗತ್ತಿಗೆ ಕಾಣುವ ನಂಬರ್. ಮೋಡೆಮ್‌ನ ವ್ಯಾನ್ ಐಪಿ ಮತ್ತು ಗೂಗಲ್ ಹೇಳುವ ಐಪಿ ಎರಡೂ ಒಂದೇ ಆಗಿದ್ದರೆ ನಿಮ್ಮ ಕೆಲಸ ಇವತ್ತೇ ಮುಗಿಯುತ್ತದೆ. ಬೇರೆ ಬೇರೆ ಇದ್ದರೆ ತೊಂದರೆ ನಿಮ್ಮ ಮನೆಯಿಂದ ಆಚೆ ಇದೆ. ಆಗ ಮನೆಯೊಳಗೆ ಏನು ಮಾಡಿದರೂ ಪ್ರಯೋಜನವಿಲ್ಲ.

ಪೂರ್ತಿ ನಂಬರ್ ಇಲ್ಲಿ ಹಾಕಬೇಡಿ. ಶುರುವಿನ ಅಂಕಿ ಹೇಳಿದರೆ ಸಾಕು.

ಹಂಪಿ_ಎಕ್ಸ್‌ಪ್ರೆಸ್

ಗುರು, ಸುಮ್ನೆ ಮೋಡೆಮ್‌ನಲ್ಲಿ ಡಿಎಂಝಡ್ ಆನ್ ಮಾಡಿ ಮೇಲಿನ ರೌಟರ್‌ನ ಐಪಿ ಕೊಡಿ. ಬಂದದ್ದೆಲ್ಲ ಮೇಲಕ್ಕೆ ಹೋಗುತ್ತದೆ. ನಮ್ಮ ಹೊಸಪೇಟೆ ಮನೆಯಲ್ಲಿ ಹಾಗೇ ಮಾಡಿದ್ದೇನೆ, ಆಟಕ್ಕೆ ಬೇಕಾದ ಪೋರ್ಟ್ ಎಲ್ಲ ಓಪನ್ ಇದೆ.

ಕೌಲ್‌ಬಜಾರ್_ಹೊಲಿಗೆ

ಮೂರನ್ನೂ ನೋಡಿದೆ ಸರ್. ಮೇಲಿನ ರೌಟರ್‌ನ ವ್ಯಾನ್ ಐಪಿ 192.168.1.5. ಮೋಡೆಮ್‌ನ ವ್ಯಾನ್ ಐಪಿ 100.83 ಅಂತ ಶುರುವಾಗುತ್ತದೆ. ಗೂಗಲ್ ತೋರಿಸುವುದು 49 ಅಂತ ಶುರುವಾಗುತ್ತದೆ. ಎರಡೂ ಬೇರೆ.

ಹಂಪಿ ಬ್ರೋ ಹೇಳಿದ ಡಿಎಂಝಡ್ ಕೂಡ ಮಾಡಿದೆ, 192.168.1.5 ಕೊಟ್ಟೆ. ಏನೂ ಬದಲಾಗಲಿಲ್ಲ.

ರಾಯಚೂರು_ನೆಟ್

100.83 ಅಂದಿರಲ್ಲ, ಉತ್ತರ ಅಲ್ಲೇ ಇದೆ. 100.64.0.0ಯಿಂದ 100.127.255.255ರವರೆಗಿನ ವಿಳಾಸಗಳನ್ನು ಇಂಟರ್ನೆಟ್ ಕಂಪನಿಗಳು ತಮ್ಮ ಒಳಗಿನ ಬಳಕೆಗೆ ಅಂತಲೇ ಬೇರೆ ಇಟ್ಟುಕೊಂಡಿವೆ. 2012ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 6598 ಅನ್ನುವ ದಾಖಲೆಯಲ್ಲಿ ಇದು ನಿಗದಿಯಾಯಿತು. ಮೋಡೆಮ್‌ನ ವ್ಯಾನ್ ಐಪಿ ಈ ಸಾಲಿನಲ್ಲಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ ಅಂತ ಅರ್ಥ. ಅಂದರೆ ನಿಮ್ಮ ಎರಡು ರೌಟರ್‌ಗಳ ಆಚೆ ಕಂಪನಿಯ ಮೂರನೇ ರೌಟರ್ ಇದೆ, ಬಹಳ ಮನೆಗಳಿಗೆ ಸೇರಿ ಒಂದೇ ಹೊರಗಿನ ಐಪಿ. ಆ ಮೂರನೆಯದರಲ್ಲಿ ನಿಮಗೆ ಲಾಗಿನ್ ಇಲ್ಲ. ಹಾಗಾಗಿ ಪೋರ್ಟ್ ಫಾರ್ವರ್ಡ್ ಆಗುವ ಮಾತೇ ಇಲ್ಲ. ಡಿಎಂಝಡ್ ಕೆಲಸ ಮಾಡದಿರುವುದಕ್ಕೂ ಇದೇ ಕಾರಣ, ಅಲ್ಲಿಯವರೆಗೆ ಏನೂ ಬಂದೇ ಇಲ್ಲ.

ಅವರು ಯಾಕೆ ಹೀಗೆ ಮಾಡುತ್ತಾರೆ ಅಂದರೆ ಹಳೇ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ ಮಾತ್ರ. ನಮ್ಮ ಭಾಗಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆ 2011ರ ಏಪ್ರಿಲ್‌ನಲ್ಲೇ ಕೊನೆಯ ಕಟ್ಟಿಗೆ ಕೈ ಹಾಕಿತ್ತು. ಆಮೇಲೆ ಬಂದ ಗಿರಾಕಿಗಳಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಕೊಡಲು ಅವರ ಹತ್ತಿರ ಉಳಿದಿಲ್ಲ.

ಈಗ ನಿಮ್ಮ ಮುಂದೆ ಎರಡು ದಾರಿ. ಕಂಪನಿಗೆ ಫೋನ್ ಮಾಡಿ ಸ್ಟ್ಯಾಟಿಕ್, ಅಂದರೆ ಬದಲಾಗದ ಐಪಿ ಬೇಕು ಅಂತ ಕೇಳಿ. ಸಾಮಾನ್ಯವಾಗಿ ಬೇರೆ ದುಡ್ಡು ಕೊಡಬೇಕು, ಕೆಲವರು ವ್ಯಾಪಾರದ ಪ್ಲಾನ್‌ನಲ್ಲಿ ಮಾತ್ರ ಕೊಡುತ್ತಾರೆ. ಕೇಳುವಾಗ ಪಬ್ಲಿಕ್ ಐಪಿ (ಜಗತ್ತಿಗೆ ನೇರ ಕಾಣುವ ವಿಳಾಸ) ಅನ್ನುವ ಮಾತನ್ನು ಖಂಡಿತ ಹೇಳಿ. ಬರೀ ಸ್ಟ್ಯಾಟಿಕ್ ಅಂದರೆ ಬದಲಾಗದ 100ರ ವಿಳಾಸ ಕೊಟ್ಟು ಸುಮ್ಮನಾದರೂ ಆದರು. ಇಲ್ಲದಿದ್ದರೆ ಪೋರ್ಟ್ ಫಾರ್ವರ್ಡ್ ಬಿಟ್ಟು ಟೇಲ್‌ಸ್ಕೇಲ್ ಥರದ, ಸಾಧನಗಳನ್ನು ದೂರದಿಂದಲೇ ಒಂದು ಖಾಸಗಿ ನೆಟ್‌ವರ್ಕ್‌ಗೆ ಸೇರಿಸುವ ಆಪ್ ಹಾಕಿಕೊಳ್ಳಿ. ಅದರಲ್ಲಿ ಎರಡೂ ಕಡೆಯಿಂದ ಹೊರಗೆ ಹೋಗಿ ಮಧ್ಯದಲ್ಲಿ ಸೇರುತ್ತವೆ, ಹಾಗಾಗಿ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಒಂದು ಎಚ್ಚರ, ಟೇಲ್‌ಸ್ಕೇಲ್ ಕೂಡ ತನ್ನ ಒಳಗಿನ ವಿಳಾಸಗಳನ್ನು ಇದೇ 100ರ ಸಾಲಿನಿಂದಲೇ ಕೊಡುತ್ತದೆ. ಮುಂದೆ ಅದನ್ನು ನೋಡಿ ಗಾಬರಿಯಾಗಬೇಡಿ.

ಗಂಗಾವತಿ_ಅಕ್ಕಿಗಿರಣಿ

ತಮ್ಮಾ, ಐಪಿ ವಿಷಯ ರಾಯಚೂರಿನವರು ಸರಿಯಾಗಿ ಹೇಳಿದ್ದಾರೆ. ನನಗೆ ಬೇರೆ ಚಿಂತೆ. ಆ 3389 ಇದೆಯಲ್ಲ, ಅದನ್ನು ಹೊರಗೆ ತೆರೆಯುವ ಆಲೋಚನೆ ಬಿಡು. ಅದು ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್. ಇಡೀ ಇಂಟರ್ನೆಟ್‌ನಲ್ಲಿ ಹಗಲೂ ರಾತ್ರಿ ಯಂತ್ರಗಳು ಈ ಪೋರ್ಟ್ ಹುಡುಕುತ್ತಾ ಪಾಸ್‌ವರ್ಡ್ ಊಹಿಸುತ್ತಾ ಕೂತಿರುತ್ತವೆ. ಒಳಗೆ ಬಂದವರು ಮೊದಲು ಮಾಡುವುದೇ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವುದು. ಟ್ಯಾಲಿಯ ಡೇಟಾ ಫೋಲ್ಡರ್ ಹೋದರೆ ಜಿಎಸ್‌ಟಿ, ಬಾಕಿ, ಉದ್ರಿ ಲೆಕ್ಕ ಎಲ್ಲ ಹೋಯಿತು.

2019ರ ಮೇನಲ್ಲಿ ಬ್ಲೂಕೀಪ್ ಅಂತ ಒಂದು ದೋಷ ಹೊರಬಂತು. ವಿಂಡೋಸ್ 7 ಮತ್ತು ಅದಕ್ಕಿಂತ ಹಳೆಯದರಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಈ ಪೋರ್ಟ್ ಮೂಲಕ ಒಳಗೆ ನುಗ್ಗಬಹುದಿತ್ತು. ನಮ್ಮ ಕಡೆ ಅಂಗಡಿ, ಗಿರಣಿಗಳಲ್ಲಿ ಇವತ್ತಿಗೂ ವಿಂಡೋಸ್ 7 ಓಡುತ್ತಿದೆ, ಹೌದಲ್ವಾ? ಪೋರ್ಟ್ ನಂಬರ್ ಬದಲಾಯಿಸಿ 50000 ಅಂತ ಇಟ್ಟರೆ ಸಾಕು ಅಂತ ಹೇಳುವವರು ಇದ್ದಾರೆ. ಸಾಲದು. ಹುಡುಕುವವರು ಎಲ್ಲ ನಂಬರ್‌ಗಳನ್ನೂ ಹುಡುಕುತ್ತಾರೆ.

ಎನ್‌ವಿಆರ್ ಕೂಡ ಹಾಗೇ. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು ಹಿಡಿದುಕೊಂಡಿತು. ಅದರ ಹತ್ತಿರ ಇದ್ದದ್ದು ಕಂಪನಿಗಳು ಮೊದಲೇ ಹಾಕಿಟ್ಟ ಅರವತ್ತರಷ್ಟು ಯೂಸರ್‌ನೇಮ್, ಪಾಸ್‌ವರ್ಡ್‌ಗಳ ಪಟ್ಟಿ ಅಷ್ಟೇ. ಅಡ್ಮಿನ್, ಅಡ್ಮಿನ್ ಅಂತ ಬಿಟ್ಟವರ ಪೆಟ್ಟಿಗೆಗಳೆಲ್ಲ ಹೋದವು. ನಿನ್ನ ಎನ್‌ವಿಆರ್‌ನ ಪಾಸ್‌ವರ್ಡ್ ಕ್ಯಾಮೆರಾ ಹಾಕಿದವರು ಇಟ್ಟದ್ದೇ ಇದ್ದರೆ ಮೊದಲು ಅದನ್ನು ಬದಲಾಯಿಸು.

ನಮ್ಮ ಗಿರಣಿಯ ವೇಬ್ರಿಡ್ಜ್ ಕ್ಯಾಮೆರಾ, ಆಫೀಸ್ ಕಂಪ್ಯೂಟರ್ ಎಲ್ಲ ವಿಪಿಎನ್ ಒಳಗೇ ಇವೆ, ಅಂದರೆ ಅನುಮತಿ ಇದ್ದವರು ಮಾತ್ರ ಇಂಟರ್ನೆಟ್ ಮೂಲಕ ಬರಬಹುದಾದ ಖಾಸಗಿ ಸುರಂಗದ ಒಳಗೆ. ಹೊರಗಿನಿಂದ ಕಾಣುವುದು ವಿಪಿಎನ್‌ನ ಒಂದು ಪೋರ್ಟ್ ಮಾತ್ರ. ಸುಗ್ಗಿಯಲ್ಲಿ ಭತ್ತದ ಲಾರಿ ಸಾಲುಗಟ್ಟಿ ನಿಂತಾಗ ನಾನು ಕಾರಟಗಿಯಲ್ಲಿದ್ದರೂ ತೂಕ ನೋಡುತ್ತೇನೆ.

ಕೌಲ್‌ಬಜಾರ್_ಹೊಲಿಗೆ

ಅಣ್ಣ, ನೀವು ಹೇಳಿದ್ದು ಓದಿ ನಿಜಕ್ಕೂ ಹೆದರಿಕೆಯಾಯಿತು. ನಮ್ಮದು ವಿಂಡೋಸ್ 10 ಪ್ರೊ, ಆದರೂ 3389 ತೆಗೆಯುತ್ತೇನೆ. ವಿಪಿಎನ್ ಬಗ್ಗೆ ಆಮೇಲೆ ಕೇಳುತ್ತೇನೆ.

ಸುದ್ದಿ ಏನೆಂದರೆ ಕಂಪನಿಯವರು ಪಬ್ಲಿಕ್ ಸ್ಟ್ಯಾಟಿಕ್ ಐಪಿ ಕೊಟ್ಟರು. ಈಗ ಮೋಡೆಮ್‌ನ ವ್ಯಾನ್ ಐಪಿ ಮತ್ತು ಗೂಗಲ್ ಹೇಳುವ ಐಪಿ ಒಂದೇ ಆಗಿವೆ. ಮೋಡೆಮ್‌ನಲ್ಲಿ 37777 ಅನ್ನು 192.168.1.5ಕ್ಕೆ ಕಳಿಸಿದೆ. ಮೇಲಿನ ರೌಟರ್‌ನಲ್ಲಿ ಮೊದಲೇ 192.168.0.50ಕ್ಕೆ ಹೋಗುತ್ತಿದೆ. ಎರಡೂ ಬಾಗಿಲು ತೆರೆದಂತಾಯಿತು. ಆದರೂ ಮೊಬೈಲ್ ಡೇಟಾದಿಂದ ಎನ್‌ವಿಆರ್ ತೆರೆಯುತ್ತಿಲ್ಲ! ಇನ್ನೇನು ಉಳಿದಿದೆ?

ಕೊಪ್ಪಳ_ಲ್ಯಾಬ್

ನಾನು ಕೊಪ್ಪಳದಲ್ಲಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನಿಮಗೆ ನಿಜವಾಗಿ ಎರಡು ನೆಟ್‌ವರ್ಕ್ ಬೇಕಾ? ವೈಫೈ ಮೇಲಕ್ಕೆ ಬರಲಿ ಅಂತ ಮಾತ್ರ ಎರಡನೇ ರೌಟರ್ ಇಟ್ಟಿದ್ದರೆ ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ, ಅಂದರೆ ಬರೀ ವೈಫೈ ಹರಡುವಂತೆ, ಹಾಕಿಬಿಡಿ. ಆ ಮೋಡ್ ಇಲ್ಲದ ಹಳೇ ರೌಟರ್ ಆದರೆ ಅದರ ಸ್ವಂತ ವಿಳಾಸವನ್ನು 192.168.1.2 ಅಂತ ಬದಲಾಯಿಸಿ, ಡಿಎಚ್‌ಸಿಪಿ (ತಾನಾಗಿ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೆಳಗಿನಿಂದ ಬಂದ ಕೇಬಲ್ ಅನ್ನು ವ್ಯಾನ್ ಪೋರ್ಟ್‌ನಿಂದ ತೆಗೆದು ಲ್ಯಾನ್ ಪೋರ್ಟ್‌ಗೆ ಚುಚ್ಚಿ. ಆಗ ಎರಡನೇ ನ್ಯಾಟ್ ಇರುವುದೇ ಇಲ್ಲ. ಫಾರ್ವರ್ಡ್ ಒಂದೇ ಕಡೆ, ಮೋಡೆಮ್‌ನಲ್ಲಿ. ಹೆಚ್ಚಿನ ಮನೆಗಳಿಗೆ ಇದೇ ಸರಿಯಾದ ಉತ್ತರ, ಜನ ಸುಮ್ನೆ ಎರಡೆರಡು ಕಡೆ ಫಾರ್ವರ್ಡ್ ಮಾಡಿ ತಲೆ ಕೆಡಿಸಿಕೊಳ್ಳುತ್ತಾರೆ.

ಇದರ ಉಲ್ಟಾ ದಾರಿಯೂ ಇದೆ. ಕೆಳಗಿನ ಮೋಡೆಮ್ ಅನ್ನು ಬ್ರಿಜ್ ಮೋಡ್‌ಗೆ (ರೌಟರ್ ಕೆಲಸ ಬಿಟ್ಟು ಬರೀ ದಾಟಿಸುವಂತೆ) ಹಾಕಿಸಿ, ಪಿಪಿಪಿಒಇ (ಕಂಪನಿಗೆ ಲಾಗಿನ್ ಆಗುವ) ಯೂಸರ್‌ನೇಮ್, ಪಾಸ್‌ವರ್ಡ್ ಅನ್ನು ಮೇಲಿನ ರೌಟರ್‌ನಲ್ಲಿ ಹಾಕುವುದು. ಆಗ ಪಬ್ಲಿಕ್ ಐಪಿ ನೇರ ನಿಮ್ಮ ರೌಟರ್‌ಗೇ ಬರುತ್ತದೆ. ಆದರೆ ಪಾಸ್‌ವರ್ಡ್ ಮತ್ತು ವಿಲ್ಯಾನ್ ನಂಬರ್ (ಅವರ ನೆಟ್‌ವರ್ಕ್‌ನ ಗುರುತಿನ ಅಂಕಿ) ಕಂಪನಿಯವರಿಂದ ಕೇಳಿ ಪಡೆಯಬೇಕು, ಮೋಡೆಮ್‌ಗೆ ಲ್ಯಾಂಡ್‌ಲೈನ್ ಫೋನ್ ಸೇರಿದ್ದರೆ ಅದಕ್ಕೆ ತೊಂದರೆಯಾಗದಂತೆ ನೋಡಿಕೊಳ್ಳಬೇಕು. ಮತ್ತೆ ಕೆಳಗೆ ಮೋಡೆಮ್‌ನ ವೈಫೈ ಬಳಸುವವರಿಗೆ ನೆಟ್ ಸಿಗುವುದಿಲ್ಲ.

ಕೌಲ್‌ಬಜಾರ್_ಹೊಲಿಗೆ

ಮೇಡಂ, ಎರಡು ನೆಟ್‌ವರ್ಕ್ ಬೇಕು. ಕೆಳಗಿನ ವೈಫೈಯನ್ನು ಯೂನಿಟ್‌ನ ಹುಡುಗರು, ಬಂದು ಹೋಗುವ ಏಜೆಂಟರು ಎಲ್ಲ ಬಳಸುತ್ತಾರೆ. ಪಾಸ್‌ವರ್ಡ್ ಎಲ್ಲರಿಗೂ ಗೊತ್ತು. ಟ್ಯಾಲಿ ಇರುವ ಕಂಪ್ಯೂಟರ್ ಅದೇ ನೆಟ್‌ವರ್ಕ್‌ನಲ್ಲಿ ಇರುವುದು ನನಗೆ ಇಷ್ಟವಿಲ್ಲ.

ಕೊಪ್ಪಳ_ಲ್ಯಾಬ್

ಹಾಗಾದರೆ ಸರಿ, ನಿಮ್ಮ ಕಾರಣ ಗಟ್ಟಿಯಾಗಿದೆ. ನಾನು ಹೇಳಿದ್ದು ಬಿಡಿ, ಎರಡು ರೌಟರ್ ಹಾಗೇ ಇರಲಿ. ಈ ಜೋಡಣೆಯಲ್ಲಿ ಮೇಲಿನವರು ಕೆಳಗಿನದನ್ನು ನೋಡಬಹುದು, ಕೆಳಗಿನವರು ಮೇಲಿನದನ್ನು ನೋಡಲಾಗುವುದಿಲ್ಲ. ನಿಮಗೆ ಬೇಕಾದದ್ದೂ ಅದೇ ಅಲ್ವಾ. ಹಾಗಾಗಿ ಮೋಡೆಮ್‌ನಲ್ಲಿ ಡಿಎಂಝಡ್ ಇನ್ನೂ ಆನ್ ಇದ್ದರೆ ಆಫ್ ಮಾಡಿ. ಅದು ನೇರ ಎನ್‌ವಿಆರ್‌ಗಲ್ಲ, ಒಳಗಿನ ರೌಟರ್‌ಗೆ ಹೋಗುತ್ತಿರುವುದರಿಂದ ದೊಡ್ಡ ಅಪಾಯ ಇಲ್ಲ, ಆ ರೌಟರ್‌ನ ಗೋಡೆ ಇನ್ನೂ ಇದೆ. ಆದರೆ ಬೇಕಾದ ಒಂದು ಪೋರ್ಟ್‌ಗಾಗಿ ಎಲ್ಲವನ್ನೂ ಒಳಗೆ ಬಿಡುವುದು ಯಾಕೆ?

ರಾಯಚೂರು_ನೆಟ್

ಈಗ ಹೊರಗಿನಿಂದ ನೋಡುವುದನ್ನು ನಿಲ್ಲಿಸಿ. ಮಧ್ಯದಲ್ಲಿ ನಿಂತು ನೋಡಿ. ಎರಡು ರೌಟರ್ ಇರುವ ಮನೆಗೆ ಇದಕ್ಕಿಂತ ಒಳ್ಳೇ ಪರೀಕ್ಷೆ ಇಲ್ಲ ಅಂತ ನನ್ನ ಅಭಿಪ್ರಾಯ, ಆದರೆ ಯಾರೂ ಮಾಡುವುದಿಲ್ಲ.

ಒಂದು ಲ್ಯಾಪ್‌ಟಾಪ್ ತೆಗೆದುಕೊಂಡು ಕೆಳಗೆ ಹೋಗಿ, ಮೋಡೆಮ್‌ನ ವೈಫೈಗೆ ಸೇರಿಸಿ. ಅದಕ್ಕೆ 192.168.1ರ ವಿಳಾಸ ಸಿಗುತ್ತದೆ. ಈಗ ನೀವು ಎರಡು ರೌಟರ್‌ಗಳ ನಡುವೆ ನಿಂತಿದ್ದೀರಿ. ಮೇಲಿನ ರೌಟರ್‌ನ ದೃಷ್ಟಿಯಲ್ಲಿ ನೀವು ಹೊರಗಿನವರು. ವಿಂಡೋಸ್‌ನಲ್ಲಿ ಕಮಾಂಡ್ ಬರೆಯುವ ಪವರ್‌ಶೆಲ್ ತೆರೆದು ಟೆಸ್ಟ್-ನೆಟ್‌ಕನೆಕ್ಷನ್ ಅನ್ನುವ ಕಮಾಂಡ್‌ಗೆ 192.168.1.5 ಮತ್ತು ಪೋರ್ಟ್ 37777 ಕೊಡಿ. ಕೊನೆಯ ಸಾಲಿನಲ್ಲಿ ಟ್ರೂ ಅಥವಾ ಫಾಲ್ಸ್ ಬರುತ್ತದೆ. ಟ್ರೂ ಬಂದರೆ ಒಳಗಿನ ರೌಟರ್, ಎನ್‌ವಿಆರ್ ಎರಡೂ ಸರಿ ಇವೆ, ತೊಂದರೆ ಮೋಡೆಮ್‌ನಲ್ಲಿ. ಫಾಲ್ಸ್ ಬಂದರೆ ಮೋಡೆಮ್ ಬಗ್ಗೆ ಸದ್ಯಕ್ಕೆ ಯೋಚಿಸಲೇಬೇಡಿ, ತೊಂದರೆ ಒಳಗಿದೆ. ಒಂದೇ ಕಮಾಂಡ್‌ನಲ್ಲಿ ಅರ್ಧ ದಾರಿ ಕಳೆದಂತಾಯಿತು.

3389 ತೆಗೆಯುವ ಮೊದಲು ಅದನ್ನೂ ಹೀಗೇ ಒಮ್ಮೆ ನೋಡಿಬಿಡಿ, ಹೋಲಿಸಲು ಅನುಕೂಲ.

ಇನ್ನೊಂದು. ಮೇಲಿನ ವೈಫೈಯಲ್ಲೇ ಕೂತು ನಿಮ್ಮದೇ ಪಬ್ಲಿಕ್ ಐಪಿ ಹಾಕಿ ಪರೀಕ್ಷೆ ಮಾಡಬೇಡಿ. ಒಳಗಿನಿಂದ ಹೊರಟು ಹೊರಗಿನ ವಿಳಾಸ ಮುಟ್ಟಿ ಮತ್ತೆ ಒಳಗೆ ಬರುವುದನ್ನು ಎಷ್ಟೋ ಮೋಡೆಮ್‌ಗಳು ಬಿಡುವುದಿಲ್ಲ. ಎಲ್ಲ ಸರಿ ಇದ್ದರೂ ಅಲ್ಲಿ ಫೇಲ್ ಅಂತಲೇ ಕಾಣುತ್ತದೆ. ನೀವು ಮೊಬೈಲ್ ಡೇಟಾದಿಂದ ನೋಡಿದ್ದೇ ಸರಿಯಾದ ಕ್ರಮ.

ಕೌಲ್‌ಬಜಾರ್_ಹೊಲಿಗೆ

ಮಾಡಿದೆ ಸರ್. 3389 ಟ್ರೂ. 37777 ಫಾಲ್ಸ್. ಎರಡೂ ಒಂದೇ ರೌಟರ್ ಮೂಲಕ ಹೋಗುತ್ತಿವೆ, ಒಂದು ಮಾತ್ರ ಯಾಕೆ ನಿಲ್ಲುತ್ತದೆ?

ರಾಯಚೂರು_ನೆಟ್

ಹಾಗಾದರೆ ರೌಟರ್ ಸರಿ ಇದೆ. ತೊಂದರೆ ಎನ್‌ವಿಆರ್‌ನಲ್ಲೇ. ಮತ್ತೆ ನಿಮ್ಮ ಮೊದಲ ಮಾತಿನಲ್ಲೇ ಸುಳಿವಿತ್ತು: ಮೇಲಿನ ರೌಟರ್‌ಗೆ ಬದಲಾಯಿಸಿದ ಮೇಲೆ ಕ್ಲೌಡ್ ಆಪ್ ಆಫ್‌ಲೈನ್ ಅಂದಿರಿ. ಅಂದರೆ ಎನ್‌ವಿಆರ್‌ಗೆ ಹೊರಗೆ ಹೋಗುವ ದಾರಿಯೇ ಗೊತ್ತಿಲ್ಲ.

ಎನ್‌ವಿಆರ್‌ನ ಮೆನುವಿನಲ್ಲಿ ನೆಟ್‌ವರ್ಕ್, ಟಿಸಿಪಿ ಐಪಿ ಅಂತ ಇರುತ್ತದೆ. ಅಲ್ಲಿ ಗೇಟ್‌ವೇ, ಅಂದರೆ ಹೊರಗೆ ಹೋಗಲು ಬಳಸುವ ರೌಟರ್‌ನ ವಿಳಾಸ, ಏನಿದೆ ನೋಡಿ. ಅದು ಕೆಳಗಿದ್ದಾಗ ಗೇಟ್‌ವೇ 192.168.1.1 ಇತ್ತು. ಮೇಲಕ್ಕೆ ತಂದಾಗ ಐಪಿಯನ್ನು 192.168.0.50 ಮಾಡಿ ಗೇಟ್‌ವೇ ಹಾಗೇ ಬಿಟ್ಟಿರುವ ಸಾಧ್ಯತೆ ಜಾಸ್ತಿ. ಕ್ಯಾಮೆರಾ ಹಾಕುವವರು ಕೈಯಿಂದ ಐಪಿ ಕೊಡುವ ಕಡೆಯೆಲ್ಲ ಇದು ಆಗುತ್ತದೆ.

ಮನೆಯೊಳಗೆ ಯಾಕೆ ತೆರೆಯುತ್ತಿತ್ತು ಅಂತ ಕೇಳಬಹುದು. ನಿಮ್ಮ ಫೋನೂ ಎನ್‌ವಿಆರೂ ಒಂದೇ ನೆಟ್‌ವರ್ಕ್‌ನಲ್ಲಿದ್ದಾಗ ಗೇಟ್‌ವೇ ಬೇಕೇ ಇಲ್ಲ, ನೇರ ಮಾತಾಡುತ್ತವೆ. ಹೊರಗಿನವರು ಬಂದಾಗ ಮಾತ್ರ ಉತ್ತರ ಕಳಿಸಲು ಗೇಟ್‌ವೇ ಬೇಕು. ನಿಮ್ಮ ಮನವಿ ಎನ್‌ವಿಆರ್‌ವರೆಗೆ ಹೋಗುತ್ತಿದೆ, ಅದು ಉತ್ತರ ಕೊಡಲೂ ಸಿದ್ಧವಾಗಿದೆ, ಆದರೆ ಉತ್ತರವನ್ನು ತನ್ನ ನೆಟ್‌ವರ್ಕ್‌ನಲ್ಲಿ ಇಲ್ಲದ 192.168.1.1ಕ್ಕೆ ಕೊಡಲು ಹೋಗಿ ಅಲ್ಲೇ ಕಳೆದುಹೋಗುತ್ತಿದೆ. ಹೋಗುವ ದಾರಿಯನ್ನೇ ಎಲ್ಲರೂ ನೋಡುತ್ತಾರೆ, ಬರುವ ದಾರಿ ಯಾರಿಗೂ ನೆನಪಾಗುವುದಿಲ್ಲ.

ಕೌಲ್‌ಬಜಾರ್_ಹೊಲಿಗೆ

ಸರ್!! ಗೇಟ್‌ವೇ 192.168.1.1 ಅಂತಲೇ ಇತ್ತು. 192.168.0.1 ಮಾಡಿದ ತಕ್ಷಣ ಮಧ್ಯದ ಪರೀಕ್ಷೆ ಟ್ರೂ ಬಂತು. ಮೊಬೈಲ್ ಡೇಟಾದಿಂದಲೂ ಕ್ಯಾಮೆರಾ ತೆರೆಯಿತು. ಕ್ಲೌಡ್ ಆಪ್ ಕೂಡ ಆನ್‌ಲೈನ್ ಆಯಿತು. ಅಪ್ಪನಿಗೆ ತೋರಿಸಿದೆ, ಕಟಿಂಗ್ ಟೇಬಲ್ ಹತ್ತಿರ ಅವರೇ ನಿಂತಿರುವುದು ನನ್ನ ಫೋನ್‌ನಲ್ಲಿ ಕಾಣುತ್ತಿತ್ತು. ತುಂಬಾ ಖುಷಿಯಾಯಿತು.

ಈಗ ಗಂಗಾವತಿ ಅಣ್ಣ ಹೇಳಿದ ವಿಪಿಎನ್. 3389 ಎರಡೂ ಕಡೆ ಮುಚ್ಚಿದ್ದೇನೆ. ಟ್ಯಾಲಿಗೆ ಏನು ಮಾಡಲಿ? ಮೇಲಿನ ರೌಟರ್‌ನ ಮೆನುವಿನಲ್ಲಿ ವಿಪಿಎನ್ ಸರ್ವರ್ ಅಂತ ಇದೆ, ಓಪನ್‌ವಿಪಿಎನ್ ಮತ್ತು ವೈರ್‌ಗಾರ್ಡ್ ಅಂತ ಎರಡು ಬಗೆಯ ವಿಪಿಎನ್ ಕಾಣುತ್ತಿವೆ.

ಗಂಗಾವತಿ_ಅಕ್ಕಿಗಿರಣಿ

ರೌಟರ್‌ನಲ್ಲೇ ಇದೆಯಾ? ಹಾಗಾದರೆ ಬಹಳ ಸುಲಭ ತಮ್ಮಾ. ವೈರ್‌ಗಾರ್ಡ್ ಹಾಕು. ಹೊಸದು, ಹಗುರ, ಫೋನ್‌ನಲ್ಲಿ ಬೇಗ ಕನೆಕ್ಟ್ ಆಗುತ್ತದೆ. 2020ರಲ್ಲಿ ಲಿನಕ್ಸ್ ಕರ್ನಲ್ (ಆ ಆಪರೇಟಿಂಗ್ ಸಿಸ್ಟಂನ ತಿರುಳು) ಒಳಗೇ ಸೇರಿಸಿದ್ದಾರೆ, ಹಾಗಾಗಿ ನಂಬಬಹುದು.

ಎರಡು ರೌಟರ್‌ನ ಗೋಳು ಇಲ್ಲಿ ಅರ್ಧ ಕಡಿಮೆಯಾಗುತ್ತದೆ. ವಿಪಿಎನ್ ಸರ್ವರ್ ಮೇಲಿನ ರೌಟರೇ ಆಗಿರುವುದರಿಂದ ಅದರಲ್ಲಿ ಫಾರ್ವರ್ಡ್ ಬರೆಯಬೇಕಾಗಿಲ್ಲ, ಬಂದದ್ದು ಅದಕ್ಕೇ ಬಂದದ್ದು. ಕೆಳಗಿನ ಮೋಡೆಮ್‌ನಲ್ಲಿ ಒಂದೇ ಸಾಲು: ವೈರ್‌ಗಾರ್ಡ್‌ನ ಪೋರ್ಟ್, ಯುಡಿಪಿ 51820 ಬಂದರೆ 192.168.1.5ಕ್ಕೆ. ಟಿಸಿಪಿ ಅಲ್ಲ, ಯುಡಿಪಿ; ಇವು ಡೇಟಾ ಕಳಿಸುವ ಎರಡು ಬೇರೆ ವಿಧಾನ. ಇಲ್ಲಿ ಎಡವುವವರು ಬಹಳ ಜನ, ಮೋಡೆಮ್‌ನ ಪಟ್ಟಿಯಲ್ಲಿ ಮೊದಲು ಕಾಣುವುದು ಟಿಸಿಪಿ ಆಗಿರುತ್ತದೆ. ಆಮೇಲೆ 37777 ಕೂಡ ಎರಡೂ ಕಡೆ ಅಳಿಸು. ಫೋನ್‌ನಲ್ಲಿ ವೈರ್‌ಗಾರ್ಡ್ ಆನ್ ಮಾಡಿದರೆ ನೀನು ಮನೆಯೊಳಗೆ ಕೂತಂತೆಯೇ. ಎನ್‌ವಿಆರ್‌ಗೆ 192.168.0.50, ಟ್ಯಾಲಿಗೆ 192.168.0.20, ಅಷ್ಟೇ.

ಫೋನ್‌ನ ಸೆಟ್ಟಿಂಗ್‌ನಲ್ಲಿ ಅಲೋಡ್ ಐಪಿ ಅಂತ ಒಂದು ಖಾನೆ ಇದೆ. ಅಲ್ಲಿ ಮನೆಯ ನೆಟ್‌ವರ್ಕ್ ಮಾತ್ರ ಕೊಡು. ಇಲ್ಲದಿದ್ದರೆ ಯೂಟ್ಯೂಬ್ ಕೂಡ ಬಳ್ಳಾರಿ ಮನೆ ಸುತ್ತಿ ಬರುತ್ತದೆ, ನಿಧಾನ ಆಗುತ್ತದೆ.

ರಾಯಚೂರು_ನೆಟ್

ವೈರ್‌ಗಾರ್ಡ್ ಹಾಕಿದ ಮೇಲೆ ಪೋರ್ಟ್ ಚೆಕ್ ವೆಬ್‌ಸೈಟ್‌ನಲ್ಲಿ ನೋಡಬೇಡಿ. ಅವು ಸಾಮಾನ್ಯವಾಗಿ ಟಿಸಿಪಿ ಮಾತ್ರ ನೋಡುತ್ತವೆ, ಕ್ಲೋಸ್ಡ್ ಅನ್ನುತ್ತವೆ. ಅದೂ ಅಲ್ಲದೆ ಸರಿಯಾದ ಕೀ ಇಲ್ಲದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಹೊರಗಿನಿಂದ ಹುಡುಕುವವರಿಗೆ ಅಲ್ಲಿ ಏನಾದರೂ ಇದೆ ಅಂತ ಗೊತ್ತೇ ಆಗುವುದಿಲ್ಲ, ನಮಗೆ ಬೇಕಾದದ್ದೂ ಅದೇ. ಫೋನ್‌ನ ಆಪ್‌ನಲ್ಲಿ ಲೇಟೆಸ್ಟ್ ಹ್ಯಾಂಡ್‌ಶೇಕ್ ಅನ್ನುವ ಸಾಲು ಬಂದರೆ ಕನೆಕ್ಟ್ ಆಗಿದೆ ಅಂತ ತಿಳಿಯಿರಿ. ಕಳಿಸಿದ ಲೆಕ್ಕ ಏರುತ್ತಾ ಬಂದ ಲೆಕ್ಕ ಸೊನ್ನೆಯಲ್ಲೇ ಇದ್ದರೆ ಮೊದಲು ಮೋಡೆಮ್‌ನ ಯುಡಿಪಿ ಸಾಲು ನೋಡಿ.

ಕೊಪ್ಪಳ_ಲ್ಯಾಬ್

ಬೇಸಿಗೆ ಬರುತ್ತಿದೆ, ಕರೆಂಟ್ ಹೋಗಿ ಬರುವುದು ನಮ್ಮ ಕಡೆ ಹೇಗೂ ಇದ್ದದ್ದೇ. ಕರೆಂಟ್ ಬಂದಾಗ ಮೋಡೆಮ್ ಹೊಸದಾಗಿ ವಿಳಾಸ ಹಂಚುತ್ತದೆ. ಮೇಲಿನ ರೌಟರ್‌ಗೆ 192.168.1.5 ಬದಲು 192.168.1.7 ಸಿಕ್ಕಿತು ಅಂದುಕೊಳ್ಳಿ, ನಿಮ್ಮ ಫಾರ್ವರ್ಡ್ ಸಾಲು ಯಾರೂ ಇಲ್ಲದ ವಿಳಾಸಕ್ಕೆ, ಅಥವಾ ಯಾರೋ ಹುಡುಗನ ಫೋನ್‌ಗೆ ಹೋಗುತ್ತದೆ. ನಿನ್ನೆವರೆಗೆ ಸರಿ ಇತ್ತು, ಇವತ್ತು ಇಲ್ಲ ಅಂತ ಬರುವ ದೂರುಗಳಲ್ಲಿ ಬಹಳಷ್ಟು ಇದೇ. ಮೋಡೆಮ್‌ನಲ್ಲಿ ಅಡ್ರೆಸ್ ರಿಸರ್ವೇಶನ್ ಅಂತ ಹುಡುಕಿ, ಮೇಲಿನ ರೌಟರ್‌ನ ವ್ಯಾನ್ ಮ್ಯಾಕ್ ವಿಳಾಸಕ್ಕೆ (ಯಂತ್ರದ ಗುರುತಿನ ನಂಬರ್) 192.168.1.5 ಕಟ್ಟಿಹಾಕಿ. ಲ್ಯಾನ್ ಮ್ಯಾಕ್ ಬೇರೆ ಇರುತ್ತದೆ, ವ್ಯಾನ್‌ನದೇ ತೆಗೆದುಕೊಳ್ಳಿ. ಲೈನ್‌ಮನ್ ಬಂದು ಮೋಡೆಮ್ ಫ್ಯಾಕ್ಟರಿ ರೀಸೆಟ್ ಮಾಡಿದರೆ ಈ ಎಲ್ಲ ಸಾಲುಗಳೂ ಹೋಗುತ್ತವೆ, ಹಾಗಾಗಿ ಸೆಟ್ಟಿಂಗ್ ಪೇಜ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ. ರೌಟರ್‌ಗಳಿಗೆ ಅಂತಲೇ 12 ವೋಲ್ಟ್‌ನ ಸಣ್ಣ ಯುಪಿಎಸ್ ಸಿಗುತ್ತದೆ, ಎರಡಕ್ಕೂ ಒಂದೊಂದು ಇದ್ದರೆ ಒಳ್ಳೇದು.

ಇನ್ನೊಂದು ಮಾತು, ನೀವು ಊರೂರು ತಿರುಗುವವರು ಆದ್ದರಿಂದ ಹೇಳುತ್ತಿದ್ದೇನೆ. ಲಾಡ್ಜ್‌ಗಳ ವೈಫೈ ಕೂಡ ಬಹಳ ಕಡೆ 192.168.0 ಅಥವಾ 192.168.1 ಆಗಿರುತ್ತದೆ. ಆಗ ವಿಪಿಎನ್ ಕನೆಕ್ಟ್ ಆದರೂ 192.168.0.50 ಅಂತ ಹಾಕಿದಾಗ ಫೋನ್ ಅದನ್ನು ಲಾಡ್ಜ್‌ನಲ್ಲೇ ಹುಡುಕಬಹುದು. ಮನೆಯ ಮೇಲಿನ ರೌಟರ್‌ನ ನೆಟ್‌ವರ್ಕ್ ಅನ್ನು ಯಾರೂ ಬಳಸದಂಥದ್ದಕ್ಕೆ ಬದಲಾಯಿಸಿ, 192.168.57 ಥರ ಏನಾದರೂ. ಈಗಲೇ ಮಾಡಿದರೆ ಒಳ್ಳೇದು.

ಕೌಲ್‌ಬಜಾರ್_ಹೊಲಿಗೆ

ಎಲ್ಲ ಮಾಡಿದೆ, ಮುಂದೆ ಇದೇ ತೊಂದರೆ ಇರುವವರಿಗೆ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ.

ಮೇಲಿನ ರೌಟರ್ ಈಗ 192.168.57.1. ಎನ್‌ವಿಆರ್‌ನಲ್ಲಿ ಕೈಯಿಂದ ಕೊಟ್ಟ ಐಪಿ ತೆಗೆದು ಡಿಎಚ್‌ಸಿಪಿಗೆ ಹಾಕಿದೆ, ರೌಟರ್‌ನಲ್ಲೇ ಅದಕ್ಕೆ 192.168.57.50 ರಿಸರ್ವ್ ಮಾಡಿದೆ. ಹಾಗಾಗಿ ಗೇಟ್‌ವೇ ತಾನಾಗಿಯೇ ಸರಿ ಬರುತ್ತದೆ. ಟ್ಯಾಲಿ ಕಂಪ್ಯೂಟರ್‌ಗೂ ಹಾಗೇ. ಮೋಡೆಮ್‌ನಲ್ಲಿ ಉಳಿದಿರುವುದು ಯುಡಿಪಿ 51820ರ ಒಂದೇ ಸಾಲು, 192.168.1.5 ರಿಸರ್ವ್ ಆಗಿದೆ, ಡಿಎಂಝಡ್ ಆಫ್. ಎನ್‌ವಿಆರ್ ಪಾಸ್‌ವರ್ಡ್ ಬದಲಾಯಿಸಿದೆ. ಮೊಬೈಲ್ ಡೇಟಾದಲ್ಲಿ ವೈರ್‌ಗಾರ್ಡ್ ಕೂಡಲೇ ಕನೆಕ್ಟ್ ಆಗುತ್ತದೆ, ಲ್ಯಾಪ್‌ಟಾಪ್‌ನಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಟ್ಯಾಲಿ ತೆರೆದು ಒಂದು ಬಿಲ್ ಹಾಕಿ ಪ್ರಿಂಟ್ ಕೂಡ ಕೊಟ್ಟೆ, ಕೆಳಗೆ ಅಪ್ಪನಿಗೆ ಸಿಕ್ಕಿತು.

ಒಂದೇ ಒಂದು ಪ್ರಶ್ನೆ ಉಳಿದಿದೆ. ಪ್ರಿಂಟರ್ ಕೆಳಗಿನ ಮೋಡೆಮ್‌ಗೆ ಸೇರಿದೆ. ಮನೆಯ ಕಂಪ್ಯೂಟರ್‌ನಿಂದ ಪ್ರಿಂಟ್ ಹೋಗುತ್ತದೆ, ಆದರೆ ವಿಪಿಎನ್‌ನಲ್ಲಿರುವ ನನ್ನ ಲ್ಯಾಪ್‌ಟಾಪ್‌ನಿಂದ ನೇರ ಹೋಗುವುದಿಲ್ಲ.

ರಾಯಚೂರು_ನೆಟ್

ಅಲೋಡ್ ಐಪಿಯಲ್ಲಿ 192.168.57ರ ನೆಟ್‌ವರ್ಕ್ ಮಾತ್ರ ಕೊಟ್ಟಿರುತ್ತೀರಿ. ಅದರ ಪಕ್ಕದಲ್ಲಿ ಅಲ್ಪವಿರಾಮ ಹಾಕಿ ಪ್ರಿಂಟರ್‌ನ ವಿಳಾಸ ಒಂದನ್ನೇ ಸೇರಿಸಿ, ಕೊನೆಗೆ /32 ಹಾಕಿ, ಆ ಒಂದೇ ವಿಳಾಸ ಅಂತ ಅದರ ಅರ್ಥ. ಇಡೀ 192.168.1 ಸೇರಿಸಬೇಡಿ, ಲಾಡ್ಜ್‌ನ ವೈಫೈ ಅದೇ ಆಗಿದ್ದರೆ ಮತ್ತೆ ಗೊಂದಲ. ಪ್ರಿಂಟರ್‌ಗೂ ಮೋಡೆಮ್‌ನಲ್ಲಿ ವಿಳಾಸ ರಿಸರ್ವ್ ಮಾಡಿಬಿಡಿ.

ಕೌಲ್‌ಬಜಾರ್_ಹೊಲಿಗೆ

ಹೋಯಿತು ಸರ್, ಪ್ರಿಂಟ್ ಬಂತು. ರಾಯಚೂರು ಸರ್, ಗಂಗಾವತಿ ಅಣ್ಣ, ಕೊಪ್ಪಳ ಮೇಡಂ, ಹಂಪಿ ಬ್ರೋ, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಬಳ್ಳಾರಿ ಕಡೆ ಬಂದರೆ ಕೌಲ್ ಬಜಾರ್‌ಗೆ ಬನ್ನಿ, ಜೀನ್ಸ್ ನಮ್ಮ ಯೂನಿಟ್‌ನದೇ.